ತಲೆ ಮೇಲೆ ಹೊರೆಯಿಲ್ಲದ ಎಕ್ಸ್

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ಬಸ್ಸಿನ ಮೇಲಂತಸ್ತಿನಲ್ಲಿ ಮಗಳು ತನ್ನ ಹೋಮ್‌ವರ್ಕ್ ಹಾಳೆಯನ್ನು ನನ್ನ ಮಡಿಲಿಗೆ ಹಾಕಿದಳು. ಗ್ರಾಫ್ ಎಳೆಯದೆ ಸರಳರೇಖೆಯ ಸಮೀಕರಣಗಳನ್ನು ಗುರುತಿಸಬೇಕಿತ್ತು.

“ಎಕ್ಸ್ ತಲೆ ಮೇಲೆ ಚಿಕ್ಕದಾಗಿ ಎರಡೋ ಮೂರೋ ಹೊತ್ಕೊಂಡಿದ್ರೆ ಗೆರೆ ಬಗ್ಗತ್ತೆ ಪುಟ್ಟಿ. ಹೊರೆ ಇಲ್ದಿದ್ರೆ ನೆಟ್ಟಗೆ ಹೋಗತ್ತೆ,” ಎಂದೆ.

“ಓಕೆ ಮಮ್,” ಎಂದು ಟಿಕ್ ಹಾಕತೊಡಗಿದಳು. ಕನ್ನಡ ಅರ್ಥವಾದರೂ ಅವಳ ಉತ್ತರವೆಲ್ಲ ಇಂಗ್ಲಿಷಿನಲ್ಲೇ.

ಕೊನೆಯದು, ಎಕ್ಸ್ ಇಂಟು ವೈ ಸಮ ಆರು. ಹೊರೆ ಕಾಣಲಿಲ್ಲ, “ಇದೂ ನೆಟ್ಟಗೆ,” ಎಂದುಬಿಟ್ಟೆ.

“ಇಲ್ಲ ಅಮ್ಮಾ! ಇಬ್ರೂ ಒಬ್ರನ್ನೊಬ್ರು ಎತ್ಕೊಂಡಿದಾರೆ, ನೆಟ್ಟಗೆ ಹೇಗೆ ಹೋಗ್ತಾರೆ?” ಎಂದು ಬಸ್ಸಿಗೆಲ್ಲ ಕೇಳುವಂತೆ ಕನ್ನಡದಲ್ಲೇ ಕೂಗಿದಳು.

ಆ ಸಂಭ್ರಮದಲ್ಲಿ ನಮ್ಮ ಸ್ಟಾಪ್ ದಾಟಿಹೋಯಿತು. ಇಳಿದು ನಡೆದೆವು. ಮನೆಯವರೆಗೂ ಅವಳು ಕನ್ನಡದಲ್ಲಿ ನನ್ನನ್ನು ತಿದ್ದುತ್ತಲೇ ಇದ್ದಳು. ನಾನು ಬೇಕೆಂದೇ ತಪ್ಪು ಹೇಳುತ್ತಲೇ ಇದ್ದೆ.