ಮೋರಿ ಕಟ್ಟೆ ಮೇಲಿನ ಫೋನು

ಕಳೆದ ವರ್ಷದ ಆಷಾಢದ ಮಾತು. ನಮ್ಮದು ಯಸಳೂರಿನಿಂದ ಬಿಸಿಲೆ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಶಾಮಿಯಾನ, ಕುರ್ಚಿ, ಪಾತ್ರೆ, ಮೈಕ್‌ಸೆಟ್ಟು ಬಾಡಿಗೆಗೆ ಕೊಡೋದು ನನ್ನ ಕಸುಬು. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಕುರ್ಚಿಗಳೆಲ್ಲ ಶೆಡ್ಡಿನಲ್ಲಿ ಒಂದರ ಮೇಲೊಂದು ಕೂತಿರ್ತವೆ. ಆದರೆ ಕ್ರೆಡಿಟ್ ಕಾರ್ಡಿನವರಿಗೆ ಆಷಾಢ ಗೀಷಾಢ ಏನೂ ಇಲ್ಲ ನೋಡಿ. ತಿಂಗಳಾದರೆ ಬಿಲ್ಲು ಬಂದೇ ಬರುತ್ತೆ.

ನನ್ನ ಹತ್ತಿರ ಇದ್ದದ್ದು ಮೂರು ಕಾರ್ಡು. ದೊಡ್ಡದರಲ್ಲಿ ಜನರೇಟರ್ ತಗೊಂಡಿದ್ದೆ, ಲಕ್ಷದ ಮೇಲೆ ಬಾಕಿ ಇತ್ತು. ಎರಡನೆಯದರಲ್ಲಿ ಸ್ಪೀಕರ್ ಬಾಕ್ಸು ತಂದಿದ್ದೆ. ಬಡ್ಡಿ ಎಲ್ಲಕ್ಕಿಂತ ಜಾಸ್ತಿ ಎಳೀತಿದ್ದದ್ದು ಅದೇ. ಮೂರನೆಯದು ಹಾಸನದಲ್ಲಿ ಫ್ರಿಡ್ಜ್ ಕೊಳ್ಳುವಾಗ ಅಂಗಡಿಯವನು ಗಂಟು ಹಾಕಿದ ಕಾರ್ಡು, ಬಾಕಿ ಹದಿನೈದು ಸಾವಿರ ಚಿಲ್ಲರೆ. ಆದರೆ ದಿನಾ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈತಿದ್ದವನು ಆ ಕಾರ್ಡಿನವನೇ.

ಬೈಸಿಕೊಳ್ಳೋದಾದರೂ ಗುಟ್ಟಾಗಿ ಆಗುತ್ತಾ? ನಮ್ಮೂರಲ್ಲಿ ಅದೂ ಇಲ್ಲ. ಮನೆಗಳಲ್ಲಿ ನೆಟ್‌ವರ್ಕ್ ಬರೋಲ್ಲ. ಊರ ಮುಂದಿನ ಮೋರಿ ಕಟ್ಟೆಯ ಒಂದು ಮೂಲೆಯಲ್ಲಿ ಫೋನ್ ಇಟ್ಟರೆ ಮಾತ್ರ ಸಿಗುತ್ತೆ, ಎತ್ತಿ ಕಿವಿಗೆ ಹಿಡಿದರೆ ಹೋಯ್ತು. ಅದಕ್ಕೆ ಎಲ್ಲರೂ ಫೋನನ್ನು ಅಲ್ಲೇ ಇಟ್ಟು, ಸ್ಪೀಕರ್ ಹಾಕಿ, ಬಗ್ಗಿಕೊಂಡು ಮಾತಾಡ್ತೀವಿ. ಹಿಂದೆ ಸರದಿಯಲ್ಲಿ ನಿಂತವರು ಕೊಡೆ ಹಿಡ್ಕೊಂಡು ಎಲ್ಲ ಕೇಳಿಸ್ಕೊಳ್ತಾರೆ. ಯಾರ ಮನೆ ಸೊಸೆ ಬಸುರಿ, ಯಾರ ಜಾಮೀನು ಅರ್ಜಿ ಬಿತ್ತು, ಎಲ್ಲಾ ಅಲ್ಲೇ ಗೊತ್ತಾಗೋದು. ಊರಿಗೆಲ್ಲ ಮೈಕು ಕೊಡೋ ನನ್ನ ಮಾನ ಹಿಂಗೆ ದಿನಾ ಮೋರಿ ಕಟ್ಟೆ ಮೇಲೆ ಹರಾಜಾಗ್ತಿತ್ತು.

ಅಷ್ಟರಲ್ಲಿ ನನ್ನ ಹೆಂಡತಿ ಗೌರಿ ಒಣಗಿಸಿಟ್ಟಿದ್ದ ಮೆಣಸು ಮಾರಿದಳು. ತವರಿನವರು ಕೊಟ್ಟ ಬಳ್ಳಿಯ ಮೆಣಸು ಅದು, ಅವಳದೇ ದುಡ್ಡು, ಅರವತ್ತು ಸಾವಿರ. ವ್ಯಾಪಾರಿಯಿಂದ ನನ್ನ ಖಾತೆಗೇ ಹಾಕಿಸಿದಳು.

"ರೀ, ಚಿಕ್ಕದನ್ನ ಮೊದ್ಲು ಮುಗ್ಸಿ. ಒಬ್ಬನಾದ್ರೂ ಬೈಯೋದು ನಿಲ್ಲಿಸ್ಲಿ" ಅಂದಳು.

"ನಿಂಗೇನು ಗೊತ್ತು, ಬಡ್ಡಿ ಜಾಸ್ತಿ ಇರೋದನ್ನ ಮೊದ್ಲು ಕಟ್ಬೇಕು" ಅಂತ ನಾನು ರೇಗಿದೆ.

ರೇಗಿದೆನೇ ಹೊರತು ನನಗೂ ಧೈರ್ಯ ಇರಲಿಲ್ಲ. ಬಡ್ಡಿಯದಕ್ಕೆ ಹಾಕಿದರೆ ಬೈಗುಳ ನಿಲ್ಲೋಲ್ಲ. ಚಿಕ್ಕದಕ್ಕೆ ಹಾಕಿದರೆ ಬಡ್ಡಿ ಬೆಳೆಯುತ್ತೆ. ದೊಡ್ಡದನ್ನ ಬಿಟ್ಟರೆ ಕೋರ್ಟು ಗೀರ್ಟು ಅಂತಾರೇನೋ ಅನ್ನೋ ಭಯ. ಊಟಕ್ಕೆ ಕೂತರೂ ಅದೇ ಲೆಕ್ಕ, ಎದ್ದರೂ ಅದೇ. ಮೋರಿ ಹತ್ತಿರ ಸಿಕ್ಕವರದು ಒಬ್ಬೊಬ್ಬರದು ಒಂದೊಂದು ಸಲಹೆ. "ಮೂರನ್ನೂ ಕಟ್ಬೇಡ ಕಣೋ, ಏನ್ ಮಾಡ್ತಾರೆ ನೋಡನ" ಅಂದವರೂ ಇದ್ದಾರೆ!

ಒಂದು ಶನಿವಾರ ಮಧ್ಯಾಹ್ನ ಕಟ್ಟೆ ಮೇಲೆ ಫೋನ್ ಇಟ್ಟುಕೊಂಡಿದ್ದಾಗ ಹೊಸ ನಂಬರಿನಿಂದ ಕರೆ ಬಂತು. ದೊಡ್ಡ ಕಾರ್ಡಿನವರಂತೆ. ಮಾತು ಬೆಣ್ಣೆ. ನನ್ನ ಹೆಸರು, ಕಾರ್ಡಿನ ಕೊನೆಯ ನಾಲ್ಕು ಅಂಕಿ ಎಲ್ಲ ಸರಿಯಾಗಿ ಹೇಳಿದ.

"ಸರ್, ಈವತ್ತು ಸೆಟ್ಲ್‌ಮೆಂಟ್ ಆಫರ್ ಇದೆ. ನಿಮ್ಮ ಹತ್ರ ಎಷ್ಟಿದೆ?"

"ಅರವತ್ತು ಐತೆ" ಅಂದೆ.

ಮ್ಯಾನೇಜರ್ ಹತ್ತಿರ ಕೇಳಿ ಬರ್ತೀನಿ ಅಂತ ಹೋಗಿ ಬಂದ. "ಅರವತ್ತಕ್ಕೇ ಒಪ್ಪಿದ್ರು ಸರ್, ಪೂರ್ತಿ ಕ್ಲೋಸ್. ಐದು ಗಂಟೆಯೊಳಗೆ ಹಾಕ್ಬೇಕು. ಯಾರಿಗೂ ಹೇಳ್ಬೇಡಿ, ಫೋನ್ ಕಟ್ ಮಾಡ್ಬೇಡಿ, ಆಫರ್ ಹೋಗ್ಬಿಡುತ್ತೆ."

ನನಗೆ ಎದೆ ಮೇಲಿನ ಚಪ್ಪಡಿ ಇಳಿದಂಗಾಯ್ತು. ಲಕ್ಷದ ಸಾಲ ಅರವತ್ತಕ್ಕೆ! ಅವನು ಕಳಿಸಿದ ನಂಬರಿಗೆ ಮೊತ್ತ ಹಾಕಿ, ಬಗ್ಗಿಕೊಂಡು ಪಿನ್ ಒತ್ತುತ್ತಿದ್ದೆ. ಹಿಂದಿನಿಂದ ಒಂದು ಕೈ ಬಂದು ಫೋನನ್ನೇ ಎತ್ತಿಕೊಂಡಿತು. ನೆಟ್‌ವರ್ಕ್ ಹೋಯ್ತು, ಮಾತೂ ನಿಂತಿತು.

ತಿರುಗಿ ನೋಡಿದರೆ ಅಂಗನವಾಡಿ ಟೀಚರ್ ಸರೋಜಕ್ಕ. ಹಿಂದೊಮ್ಮೆ ಮಕ್ಕಳ ಪರೀಕ್ಷೆ ಸಮಯದಲ್ಲಿ ನನ್ನ ಮೈಕಿನ ಮೇಲೆ ಪೊಲೀಸರಿಗೆ ದೂರು ಕೊಟ್ಟವರು. ಅಲ್ಲಿಂದ ನಮಗೂ ಅವರಿಗೂ ಮಾತಿಲ್ಲ, ಕತೆ ಇಲ್ಲ.

"ಏನ್ ಮಾಡ್ತಿದೀರ್ರೀ ನೀವು! ಅವತ್ತು ಮೈಕು, ಇವತ್ತು ಫೋನಾ? ನಾನು ಉದ್ಧಾರ ಆಗೋದು ನಿಮ್ಗೆ ಬೇಡ್ವಾ?" ಅಂತ ಕೂಗಾಡಿದೆ. ಅವರ ಕೈಯಿಂದ ಫೋನ್ ಕಿತ್ಕೊಂಡೆ. ತಿರುಗಿ ಕಟ್ಟೆ ಮೇಲೆ ಇಡೋಕೆ ಹೋದರೆ ಅವರು ಆ ಮೂಲೆಗೇ ಅಡ್ಡ ನಿಂತರು.

"ಬ್ಯಾಡ ಮಂಜಣ್ಣ. ಅವ್ನು ಕಳ್ಳ."

"ನಿಮ್ಗೆ ಹೆಂಗೆ ಗೊತ್ತು?"

ಅವರು ಒಂದು ಸಲ ರಸ್ತೆ ಬದಿಗೆ ನೋಡಿದರು. ಅವರ ಯಜಮಾನರು ರುದ್ರಪ್ಪನವರು ಅಲ್ಲೇ ಸ್ಕೂಟರಿನ ಮೇಲೆ ಕೂತು ಕಾಯ್ತಿದ್ದರು. ಮತ್ತೂ ನಾಲ್ಕು ಜನ ಇದ್ದರು. ಸರೋಜಕ್ಕ ಸೆರಗು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವಂಗೇ ಹೇಳಿದರು. "ಮೀಟಿಂಗಿಗೆ ಸಕಲೇಶಪುರಕ್ಕೆ ಹೋಗಿದ್ದಾಗ ನಂಗೂ ಹಿಂಗೇ ಫೋನ್ ಬಂದಿತ್ತು. ಇದೇ ಮಾತು. ಐದು ಗಂಟೆ, ಯಾರಿಗೂ ಹೇಳ್ಬೇಡಿ, ಕಟ್ ಮಾಡ್ಬೇಡಿ. ಒಡವೆ ಸಾಲ ಅರ್ಧಕ್ಕೆ ತೀರಿಸ್ತೀವಿ ಅಂದ್ರು. ಇದ್ದಬದ್ದದ್ದೆಲ್ಲ ಹಾಕ್ಬುಟ್ಟೆ."

ರುದ್ರಪ್ಪನವರು ಸ್ಕೂಟರಿನಿಂದ ಇಳಿದು ಬಂದರು. "ಚೀಟಿ ಹಾಕಿದ್ದೆ, ಅದು ಮುಳುಗೋಯ್ತು ಅಂದಿದ್ಯಲ್ಲೇ?"

"ಸುಳ್ಳು ಹೇಳಿದ್ದೆ" ಅಂದರು ಸರೋಜಕ್ಕ.

ರುದ್ರಪ್ಪನವರು ತಿರುಗಿ ನಡೆದರು. ಸ್ಕೂಟರ್ ಸ್ಟಾರ್ಟ್ ಮಾಡಿ ಹೋಗೇಬಿಟ್ಟರು. ನನಗೆ ಭೂಮಿ ಬಾಯ್ಬಿಡಬಾರದಾ ಅನ್ನಿಸಿತು. "ಬನ್ನಿ ಅಕ್ಕ, ನನ್ನ ಪಿಕಪ್ ಗಾಡೀಲಿ ಬಿಡ್ತೀನಿ" ಅಂದೆ. "ಬ್ಯಾಡ, ನಡ್ಕೊಂಡು ಹೋಗ್ತೀನಿ" ಅಂದು ಕೊಡೆ ಬಿಚ್ಚಿಕೊಂಡು ಹೊರಟರು.

ಅಷ್ಟಾದರೂ ನನ್ನ ಹಾಳು ಮನಸ್ಸು, ಆಫರ್ ನಿಜವೇ ಆಗಿದ್ದರೆ ಅಂತ ಕೊರೀತಿತ್ತು. ಭಾನುವಾರ ಹೆಂಗೋ ಕಳೆದು ಸೋಮವಾರ ಸಕಲೇಶಪುರಕ್ಕೆ ಹೋಗಿ ಬ್ಯಾಂಕಿನಲ್ಲಿ ಕೇಳಿದೆ. ಅಂಥ ಆಫರ್ ಇಲ್ಲವೇ ಇಲ್ಲ, ಬಾಕಿ ಇರೋರನ್ನೇ ಹುಡುಕಿ ಹಿಂಗೆ ಫೋನ್ ಮಾಡ್ತಾರೆ ಅಂದರು. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಗೌರಿಯ ಅಷ್ಟೂ ಮೆಣಸು!

ಯಾವುದನ್ನ ಮೊದಲು ಕಟ್ಟಬೇಕು ಅಂತಲೂ ಕೇಳಿದೆ. ಬಡ್ಡಿ ಜಾಸ್ತಿ ಇರೋದನ್ನೇ ಕಟ್ಟಿದರೆ ಲಾಭ ಅಂದರು. ಮನೆಗೆ ಬಂದು ಗೌರಿಗೆ ಹೇಳಿದರೆ, "ಬಡ್ಡಿ ಲೆಕ್ಕ ಅವರಿಗೆ ಗೊತ್ತು. ನೀವು ಉಣ್ಣದೆ ಏಳೋದು ನಂಗೆ ಗೊತ್ತು" ಅಂದಳು. ಚಿಕ್ಕದನ್ನು ಪೂರ್ತಿ ತೀರಿಸಿ, ಉಳಿದದ್ದನ್ನು ಬಡ್ಡಿ ಜಾಸ್ತಿ ಇರುವುದಕ್ಕೆ ಹಾಕಿದೆವು. ಜನರೇಟರ್ ಸಾಲ ಇನ್ನೂ ಎಳೀತಾ ಇದೆ.

ಆ ವಾರವೇ ನಾವಿಬ್ಬರೂ ಸರೋಜಕ್ಕನ ಮನೆಗೆ ಹೋದೆವು. ರುದ್ರಪ್ಪನವರು "ಕೂತ್ಕಳಿ" ಅಂದು ಎದ್ದು ಹಿತ್ತಲಿಗೆ ಹೋದರು. ಒಂದು ಮನೆಯಲ್ಲಿದ್ದೂ ಹೆಂಡತಿ ಜೊತೆ ಮಾತು ಬಿಟ್ಟಿದ್ದರಂತೆ. ಸರೋಜಕ್ಕ ಕಾಫಿ ತಂದು ಕೊಟ್ಟರು. ಲೋಟ ತಗೊಂಡು, "ನನ್ನಿಂದ ನಿಮ್ಗೆ ಹಿಂಗಾಯ್ತು" ಅಂದೆ.

"ಸುಮ್ಕಿರಿ ಮಂಜಣ್ಣ, ನಿಮ್ದಾದ್ರೂ ಉಳೀತಲ್ಲ" ಅಂದರು.

ಈಗ ಅವರ ಮನೆಯಲ್ಲಿ ಮಾತುಕತೆ ಶುರುವಾಗಿದೆ ಅಂತ ಗೌರಿ ಹೇಳ್ತಾಳೆ. ನನಗೆ ಸಮಾಧಾನ ಇಲ್ಲ. ಮೊದಲು ಮೋಸ ಹೋದವನು ನಾನಾಗಿದ್ದು, ಆಮೇಲೆ ಸರೋಜಕ್ಕ ಹಂಗೇ ದುಡ್ಡು ಹಾಕೋಕೆ ಹೊರಟಿದ್ದರೆ, ಗೌರಿ ಪಕ್ಕದಲ್ಲಿ ನಿಂತಿರುವಾಗ ನಾನು ಬಾಯಿ ಬಿಡ್ತಿದ್ದೆನಾ ಅಂತ ಕೇಳಿಕೊಳ್ತೀನಿ. ಅದೂ ನನ್ನ ಮೇಲೆ ದೂರು ಕೊಟ್ಟವರಿಗೋಸ್ಕರ? ಬಿಡ್ತಿರಲಿಲ್ಲ. ಕೆಮ್ಮಿ, ಆಚೆ ತಿರುಗಿ ನಿಂತುಬಿಡ್ತಿದ್ದೆ.