ಗುರುಲಿಂಗಯ್ಯನವರ ಮೂರು ಕಲ್ಲುಗಳು

"ಹಂಗಾರ ಗುಲ್ಬರ್ಗಾ ಬಸ್ಸು ಇಲ್ಲಿಗಿ ಬರಂಗಿಲ್ಲೇನ್ರಿ?"

"ಇಲ್ಲಿಗಿ ಬರಂಗಿಲ್ಲ. ಅಗೋ, ಆ ಬೇವಿನ ಗಿಡದ ಬುಡಕ ನಿಂದ್ರತದ. ಇದು ಬಸ್ಸಿನ ಆಫೀಸ್ ಅಲ್ರಿ, ಪ್ರವಾಸಿಗರ ಆಫೀಸ್."

"ನಾವೂ ಪ್ರವಾಸಾನೇ ಹೊಂಟೀವಲ್ರಿ ಮತ್ತ. ಮಗಳಿಗಿ ಕರಕೊಂಡ ಬರ್ಲಿಕ್ಕಿ."

ಗುರುಲಿಂಗಯ್ಯನವರು ನಕ್ಕುಬಿಟ್ಟರು. ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಬೇವಿನ ಮರ ತೋರಿಸಿದರು, ಬಸ್ಸಿನ ಹೊತ್ತು ಹೇಳಿದರು, ಎಡಗಡೆ ಸೀಟು ಹಿಡಿದರೆ ಬಿಸಿಲು ಬಡಿಯುವುದಿಲ್ಲವೆಂದೂ ಹೇಳಿದರು. ಕೊನೆಗೆ, ಎಲ್ಲರಿಗೂ ಹೇಳುವ ಹಾಗೆ, ದಾರಿಯಲ್ಲಿ ಮಳಖೇಡ ಬರುತ್ತದೆ, ಮರಳಿ ಬರುವಾಗ ಮಗಳ ಜೊತೆ ಅರ್ಧ ತಾಸು ಇಳಿದು ಕೋಟೆ ನೋಡಿಕೊಂಡು ಬನ್ನಿ ಎಂದರು. ಕೋಟೆಯಲ್ಲಿ ಏನಿದೆ ಎಂದು ಆ ಮನುಷ್ಯ ಕೇಳಿದ. ಗುರುಲಿಂಗಯ್ಯನವರು ಗಂಟಲು ಸರಿಮಾಡಿಕೊಂಡು ಶುರುಮಾಡುವಷ್ಟರಲ್ಲಿ ಬಸ್ಸು ಬಂತು, ಮನುಷ್ಯ ಓಡಿದ.

ಅದು ಎಪ್ಪತ್ತಾರನೆಯ ಇಸವಿ. ಸೇಡಂ ಆಗ ಎಷ್ಟು ಚಿಕ್ಕದಿತ್ತೆಂದರೆ, ಸ್ಟ್ಯಾಂಡಿನಲ್ಲಿ ಯಾರೇ ಇಳಿದರೂ ಅವರು ಯಾರ ಮನೆಗೆ ಬಂದ ಬೀಗರೆಂದು ಹೋಟೆಲಿನ ಬೆಂಚಿನ ಮೇಲೆ ಕೂತವರು ಮುಖ ನೋಡಿಯೇ ಹೇಳುತ್ತಿದ್ದರು. ಅಂಥ ಊರಿನಲ್ಲಿ ತಾಲೂಕು ಬೋರ್ಡಿನವರು ಪ್ರವಾಸಿಗರಿಗಾಗಿ ಒಂದು ಕೋಣೆ ತೆರೆದಿದ್ದರು. ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಒಂದು ನಕಾಶೆ. ಕ್ಲಾರ್ಕು, ಜವಾನ, ಸಾಹೇಬ ಎಲ್ಲವೂ ಗುರುಲಿಂಗಯ್ಯನವರೇ. ಬೀಗ ಅವರೇ ತೆಗೆಯಬೇಕು, ಕಸ ಅವರೇ ಗುಡಿಸಬೇಕು, ಆಮೇಲೆ ಟೋಪಿ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತು ಗತ್ತಿನಿಂದ ಇರಬೇಕು.

ಇದಕ್ಕೂ ಮೊದಲು ಅವರು ಹನ್ನೊಂದು ವರ್ಷ ಕೊಂಡವಾಡದಲ್ಲಿದ್ದರು. ಪರರ ಹೊಲಕ್ಕೆ ನುಗ್ಗಿದ ಎಮ್ಮೆ ದನಗಳನ್ನು ಹಿಡಿದು ತಂದು ಕಟ್ಟುವ ಜಾಗ ಅದು. ಬಿಡಿಸಿಕೊಂಡು ಹೋಗಲು ಬಂದವರೆಲ್ಲ ಅವರ ಹೆಸರು ಹಿಡಿದೇ ಬೈಯುತ್ತಿದ್ದರು. ಅಲ್ಲಿಂದ ಈ ಕೋಣೆಗೆ ಬಂದ ಮೊದಲ ದಿನ ಒಬ್ಬ ಮುದುಕ ಕುಡಿಯಲು ನೀರು ಕೇಳಿ, ಕುಡಿದು, ಕೈಮುಗಿದು ಹೋದನಂತೆ. ಆ ಕೈಮುಗಿದದ್ದನ್ನು ಗುರುಲಿಂಗಯ್ಯನವರು ವರ್ಷಗಟ್ಟಲೆ ಹೇಳಿಕೊಂಡು ಓಡಾಡಿದರು.

ಆದರೆ ಅವರಿಗೆ ಈ ಕೆಲಸದ ಮೇಲೆ ಜೀವ ಇದ್ದದ್ದಕ್ಕೆ ಬೇರೆಯೇ ಕಾರಣವಿತ್ತು. ಮಳಖೇಡ ಅವರ ತಾಯಿಯ ತವರು. ಸಾಲಿ ಸೂಟಿ ಬಿಟ್ಟಿತೆಂದರೆ ಎತ್ತಿನ ಬಂಡಿಯಲ್ಲಿ ಹುಲ್ಲಿನ ಮೇಲೆ ಮಲಗಿ ಹೋಗುವುದು, ಕಾಗಿಣಾ ನದಿಯಲ್ಲಿ ಕಣ್ಣು ಕೆಂಪಾಗುವ ತನಕ ಈಜುವುದು, ಕೋಟೆಯ ಗೋಡೆಯ ಸಂದಿಯಲ್ಲಿ ಬೆಳೆದ ಸೀತಾಫಲ ಕಿತ್ತು ತಿನ್ನುವುದು. ರಾಷ್ಟ್ರಕೂಟರ ರಾಜಧಾನಿ ಅಂದರೆ ಅವರಿಗೆ ಪುಸ್ತಕದಲ್ಲಿ ಓದಿದ ಮಾತಲ್ಲ, ಅಜ್ಜಿಯ ಮನೆ! ಅದಕ್ಕೇ ಅವರು ಕೋಟೆಯ ಕಥೆಯನ್ನು ಕೈಯಾರೆ ಬರೆದು, ಕಾರ್ಬನ್ ಹಾಳೆ ಇಟ್ಟು ಒಂದೇ ಸಲಕ್ಕೆ ಮೂರು ಪ್ರತಿ ಮಾಡಿ ಬಂದವರಿಗೆ ಹಂಚುತ್ತಿದ್ದರು. ಮೂರನೆಯ ಪ್ರತಿ ಸಿಕ್ಕವರಿಗೆ ಮಳಖೇಡ ಎಂಬ ಹೆಸರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಹೋದವರಾದರೂ ಕೋಟೆ ನೋಡಿದರೇ? ಅದೇ ದೊಡ್ಡ ತಾಪತ್ರಯ. ಬಸ್ಸಿಳಿದು ಓಣಿ ಹೊಕ್ಕವರು ಹಟ್ಟಿ, ಹಿತ್ತಲು, ಗಿರಣಿ ಎಲ್ಲ ಸುತ್ತಿ, ಸುಸ್ತಾಗಿ, ಮರಳಿ ಬಸ್ಸು ಹತ್ತುತ್ತಿದ್ದರು. ಎರಡು ಸಲ ತಗಡಿನ ಬೋರ್ಡು ಹಾಕಿಸಿದ್ದಾಯಿತು, ಎರಡು ಸಲವೂ ತಿಂಗಳೊಳಗೆ ಮಾಯ. ಒಂದನ್ನು ಆಮೇಲೆ ಗುರುಲಿಂಗಯ್ಯನವರೇ ಕಂಡರು, ಕೋಳಿ ಗೂಡಿನ ಬಾಗಿಲಾಗಿತ್ತು. 'ಕೋಟೆಗೆ ದಾರಿ' ಎಂದು ಬರೆದ ಬಾಗಿಲೊಳಗೆ ಕೋಳಿಗಳು ಸಾಲಾಗಿ ಹೋಗುತ್ತಿದ್ದವು.

ಆ ಬೇಸಿಗೆಯಲ್ಲಿ ಗುಲ್ಬರ್ಗಾದಿಂದ ಒಂದು ಕಾಗದ ಬಂತು. ಕೋಣೆಯಿಂದ ಏನೂ ಉಪಯೋಗ ಕಾಣುತ್ತಿಲ್ಲ, ಬರುವ ಗುರುವಾರ ಹತ್ತು ಗಂಟೆಗೆ ಸಾಹೇಬರು ಮಳಖೇಡಕ್ಕೆ ಬಂದು ನೋಡುತ್ತಾರೆ, ದಾರಿ ತೋರಿಸುವ ಬೋರ್ಡು ಇಲ್ಲದಿದ್ದರೆ ಕೋಣೆ ಮುಚ್ಚಿ ಗುರುಲಿಂಗಯ್ಯನವರನ್ನು ಮೊದಲಿನ ಜಾಗಕ್ಕೆ ಕಳಿಸಲಾಗುವುದು. ಮೊದಲಿನ ಜಾಗ ಅಂದರೆ ಎಮ್ಮೆಗಳು.

ಅವತ್ತೇ ಸಂಜೆ ಕೋಣೆಗೆ ಬೀಗ ಹಾಕಿ ಅವರು ಶಹಾಬಾದಕ್ಕೆ ಹೋದರು. ಅಲ್ಲಿ ಶಹಾಬುದ್ದೀನ ಎಂಬ ಅವರ ಸಾಲಿಯ ಗೆಳೆಯ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ನಯ ಮಾಡುವ ಅಡ್ಡೆ ಇಟ್ಟಿದ್ದ. ಉರ್ದು ಸಾಲಿಯಲ್ಲಿ ಒಂದೇ ತಖ್ತೆಯ ಮೇಲೆ ಬರೆದವರು ಇಬ್ಬರೂ. ಶಹಾಬುದ್ದೀನ ಎಲ್ಲ ಕೇಳಿ, ಮೈತುಂಬ ಕಲ್ಲಿನ ಪುಡಿ ಇದ್ದ ಹಾಗೇ ಎದ್ದು ನಿಂತ.

"ಅಲ್ಲ ಅಯ್ನೋರ, ಊರಿಗೆಲ್ಲ ನಮ್ಮ ಫರಸಿ ಹೋಗತದ, ನೀವು ತಗಡಾ ಹಿಡಕೊಂಡು ಕುಂತೀರಲ್ಲ. ಮೂರು ಕಲ್ಲು ಕೊಡ್ತೀನಿ. ಅಕ್ಷರ, ದಾರಿ ತೋರ್ಸೋ ಬಾಣ ಎಲ್ಲಾ ನಾನೇ ಕೆತ್ತತೀನಿ. ಎತ್ತಿಕೊಂಡು ಹೋಗೋ ಕಳ್ಳ ಇನ್ನಾ ಹುಟ್ಟಿಲ್ಲ."

ಸೋಮವಾರ ಅವನ ಲಾರಿ ಹೇಗೂ ಮಳಖೇಡದ ಒಬ್ಬರ ಮನೆಗೆ ನೆಲಹಾಸಿನ ಕಲ್ಲು ಒಯ್ಯುತ್ತಿತ್ತು. ನೆಲ ಹಾಕುವ ಗೌಂಡಿ ರಾಮಲಿಂಗನೂ ಅದರಲ್ಲೇ ಹೋಗುವವನು. ಮೂರು ಕಲ್ಲನ್ನೂ ಅವನೇ ಕೂಡಿಸಲಿ ಎಂದು ಮಾತಾಯಿತು. ಗುರುಲಿಂಗಯ್ಯನವರು ಒಂದು ಹಾಳೆಯಲ್ಲಿ ಓಣಿಗಳನ್ನು ಬರೆದು ಮೂರು ಜಾಗಕ್ಕೆ ಗುರುತು ಹಾಕಿ ಕೊಟ್ಟರು: ಬಸ್ಸು ನಿಲ್ಲುವಲ್ಲಿ ಒಂದು, ಓಣಿ ತಿರುಗುವಲ್ಲಿ ಒಂದು, ಗಿರಣಿಯ ಹತ್ತಿರ ಒಂದು. ತಾವು ಹೋಗುವಂತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಕೋಣೆಗೆ ಬೀಗ ಹಾಕಿದರೆ ಅದರ ಮೇಲೇ ಇನ್ನೊಂದು ದೂರು ಹೋಗುತ್ತಿತ್ತು. ಮಂಗಳವಾರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸುದ್ದಿ ಬಂತು, ಮೂರೂ ಕಲ್ಲು ಕೂತವು, ಭಾಳ ಛಂದ ಕೂತಾವ. ಎಷ್ಟೋ ದಿನದ ಮೇಲೆ ಅಂದು ಅವರು ಹೊಟ್ಟೆ ತುಂಬ ಉಂಡರು.

ಗುರುವಾರ, ಹತ್ತು ಗಂಟೆಯ ತಪಾಸಣೆಗೆ, ಅವರು ಎಂಟಕ್ಕೇ ಮಳಖೇಡದಲ್ಲಿ ಇಳಿದರು. ಆಚೆ ನೋಡಿದರು, ಈಚೆ ನೋಡಿದರು. ಕಲ್ಲಿಲ್ಲ. ಮರದ ಹಿಂದೆ ನೋಡಿದರು. ಅಷ್ಟರಲ್ಲಿ ಮೊಣಕೈ ತನಕ ಸಿಮೆಂಟು ಮೆತ್ತಿಕೊಂಡ ರಾಮಲಿಂಗ ಚಹಾ ಕುಡಿಯಲು ಬಂದ.

"ಕಲ್ಲ ಎಲ್ಲವೋ ರಾಮಲಿಂಗ?"

"ನೀವು ನಿಂತದ್ದೇ ಅದರ ಮ್ಯಾಲ, ಅಯ್ನೋರ."

ಗುರುಲಿಂಗಯ್ಯನವರು ಕೆಳಗೆ ನೋಡಿದರು. ಎರಡು ಚಪ್ಪಲಿಗಳ ನಡುವೆ 'ಮಳಖೇಡ ಕೋಟೆ' ಎಂಬ ಅಕ್ಷರಗಳು ಫಳಫಳ ಹೊಳೆಯುತ್ತಿದ್ದವು. ನೆಲಕ್ಕೆ ಸಮನಾಗಿ, ಸುತ್ತಲೂ ಸಿಮೆಂಟು ತುಂಬಿ, ಕೂದಲೆಳೆಯಷ್ಟೂ ಏರಿಳಿತವಿಲ್ಲದೆ ಕಲ್ಲು ಮಲಗಿತ್ತು. ಅವರು ಕೆಂಡ ತುಳಿದವರಂತೆ ಪಕ್ಕಕ್ಕೆ ಹಾರಿದರು.

"ಇದು ನಿಂದ್ರಸೋ ಕಲ್ಲಲ್ಲೇನೋ!"

ರಾಮಲಿಂಗನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಮೂವತ್ತು ವರ್ಷದಿಂದ ಅವನು ಫರಸಿ ಕೂಡಿಸಿದವನು, ವಾಡಿಯಲ್ಲಿ, ಚಿತ್ತಾಪುರದಲ್ಲಿ, ಚಿಂಚೋಳಿಯಲ್ಲಿ ಅವನು ಹಾಕಿದ ನೆಲದ ಮೇಲೆ ಜನ ಹುಟ್ಟಿದ್ದರು, ಮದುವೆಯಾಗಿದ್ದರು. "ಫರಸಿ ಎಲ್ಲರೆ ನಿಂದ್ರಸ್ತಾರೇನ್ರಿ? ಲೆವಲ್ ಬೇಕಾರ ನೋಡ್ರಿ, ನೀರು ಹಾಕಿದ್ರ ಹನಿ ನಿಂದ್ರಂಗಿಲ್ಲ" ಎಂದ. ಕೀಳಬಹುದೇ ಎಂದರೆ ಸಿಮೆಂಟು ಬಿಗಿದಿದೆ, ಗಡಿಬಿಡಿಯಲ್ಲಿ ಮೀಟಿದರೆ ಕಲ್ಲು ಒಡೆಯುತ್ತದೆ, ಎರಡು ಮೂರು ದಿನ ಬೇಕು. ಇದ್ದದ್ದು ಎರಡು ತಾಸು.

ಮುಂದಿನ ಕಲ್ಲುಗಳನ್ನು ನೋಡಲು ಹೋಗುವ ಧೈರ್ಯವೂ ಅವರಿಗೆ ಉಳಿಯಲಿಲ್ಲ. ರಸ್ತೆಯ ಬದಿಗೆ ಕಲ್ಲಿನ ಪಕ್ಕ ತಾವೇ ಬೋರ್ಡಿನ ಹಾಗೆ ನಿಂತರು. ಹತ್ತೂ ಕಾಲಿಗೆ ಜೀಪು ಬಂತು, ಕೈಯೆತ್ತಿದರು, ಜೀಪು ಬುರ್ರೆಂದು ದಾಟಿ ಹೋಯಿತು. ಒಂದು ಮೈಲು ಹೋಗಿ, ಕೇಳಿ ತಿಳಿದು, ಧೂಳೆಬ್ಬಿಸಿಕೊಂಡು ಮರಳಿ ಬಂತು. ಸಾಹೇಬರು ಇಳಿದರು. ಅವರ ಜೊತೆ ಮೈಸೂರಿನಿಂದ ಬಂದ ಒಬ್ಬ ಹೆಂಗಸು, ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮೇಡಂ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಇಳಿದರು. ಬೋರ್ಡು ಎಲ್ಲಿ ಎಂದು ಸಾಹೇಬರು ಕೇಳಿದರು. ಗುರುಲಿಂಗಯ್ಯನವರು ನೆಲ ತೋರಿಸಿದರು.

ಸಾಹೇಬರು ಬಗ್ಗಿ ಕಲ್ಲಿನ ಮೇಲಿನ ಅಕ್ಷರ ಓದಿದರು. "ಜೀಪಿನಾಗ ಕುಂತೋರು ಇದಕ್ಕ ಹ್ಯಾಂಗ ಓದಬೇಕು, ಗುರುಲಿಂಗಯ್ಯ? ಕೋಣೆ ಮುಚ್ಚೋ ಕಾಗದ ನನ್ನ ಚೀಲದಾಗೇ ಅದ. ಸಹಿ ಒಂದ ಬಾಕಿ." ಗುರುಲಿಂಗಯ್ಯನವರು ಗೌಂಡಿಯ ಹೆಸರು ಹೇಳಲಿಲ್ಲ. ನಂದೇ ತಪ್ಪು ಸಾಹೇಬ್ರ, ನಾ ಬಂದು ನಿಂತು ಮಾಡಸಬೇಕಿತ್ತು ಎಂದರು. ಅಷ್ಟರಲ್ಲಿ ನೋಡಿದರೆ ಮೇಡಂ ಅಲ್ಲಿಲ್ಲ. ಕಲ್ಲಿನ ಮೇಲಿನ ಬಾಣದ ಗುರುತು ಹಿಡಿದು ಒಬ್ಬರೇ ಓಣಿಯೊಳಗೆ ಹೋಗಿಬಿಟ್ಟಿದ್ದರು!

ಇಬ್ಬರೂ ಹಿಂದೆ ಓಡಿದರು. ಓಣಿ ತಿರುಗುವಲ್ಲಿ ಎರಡನೆಯ ಕಲ್ಲು ಮಲಗಿತ್ತು. ನೆಲಹಾಸಿನ ಕಲ್ಲನ್ನು ಹತ್ತಿರದ ಗೋಡೆಗೆ ನೆಟ್ಟಗೆ ಹೊಂದಿಸುವುದು ಗೌಂಡಿಯ ರೂಢಿ. ರಾಮಲಿಂಗ ಹಾಗೇ ಮಾಡಿದ್ದ. ಅದರಿಂದ ಬಾಣ ಓಣಿಯ ಕಡೆ ಇರದೆ ಸೀದಾ ಅನಸುಬಾಯಿಯ ಮನೆಯ ಬಾಗಿಲಿಗೆ ತಿರುಗಿತ್ತು. ಅನಸುಬಾಯಿ ಗುರುಲಿಂಗಯ್ಯನವರ ಸೋದರಮಾವನ ಹೆಂಡತಿ. ಮಾವ ತೀರಿಕೊಂಡ ಮೇಲೆ ಗುರುಲಿಂಗಯ್ಯನವರು ಆ ಹೊಸ್ತಿಲು ತುಳಿದಿರಲಿಲ್ಲ. ಮಣ್ಣಿಗೆ ಬರಲಾಗದಿದ್ದ ನಾಚಿಕೆ ಮೊದಲು ತಡೆದಿತ್ತು, ಆಮೇಲೆ ವರ್ಷಗಳೇ ಹೋದವು.

ಒಳಗೆ ಮೇಡಂ ಕಂಬಳಿಯ ಮೇಲೆ ಕೂತು ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದರು, ಖಾರಕ್ಕೆ ಕಣ್ಣಲ್ಲಿ ನೀರು.

"ಬಾರೋ ಗುರುಲಿಂಗಾ" ಎಂದಳು ಅನಸುಬಾಯಿ. "ಕಡೀಗಿ ಅತ್ತಿ ಮನಿ ನೆನಪಾಯ್ತಲ್ಲ. ಮೂರು ದಿನದಾಗ ಇವರು ಒಂಬತ್ತನೇದವರು. ಸರ್ಕಾರದೋರು ನಮ್ಮ ಮನಿಗಿ ದಾರಿ ಬರದು ಹಾಕ್ಯಾರಂದ್ರ, ಬಂದೋರಿಗಿ ಹೊರಗ ನಿಂದ್ರಸ್ಲಿ ಹ್ಯಾಂಗ?"

ಅವಳು ಸಾಹೇಬರಿಗೂ ಕುಂದ್ರಿ ಎಂದಳು, ಮಜ್ಜಿಗೆ ಕೊಟ್ಟಳು, ಕುಡಿಯುವ ತನಕ ಎದ್ದೇಳಲು ಬಿಡಲಿಲ್ಲ. ಆಮೇಲೆ ಹಿತ್ತಲ ಬಾಗಿಲು ತೆಗೆದಳು. ಹತ್ತು ಹೆಜ್ಜೆ ಆಚೆಗೆ ಕೋಟೆಯ ಗೋಡೆ, ಬುರುಜಿಗೆ ಹತ್ತುವ ಮೆಟ್ಟಿಲು. ಮೊದಲು ಬಂದ ಎಂಟು ಮಂದಿಯೂ ಇದೇ ಬಾಗಿಲಿನಿಂದ ಹೋಗಿ ನೋಡಿ ಬಂದರು ಎಂದಳು, ಒಬ್ಬರೂ ದಾರಿ ತಪ್ಪಲಿಲ್ಲ.

ಬುರುಜಿನ ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ಕಾಗಿಣಾ, ಬೇಸಿಗೆಯ ಸಣ್ಣ ನೀರು, ಬಟ್ಟೆ ಒಗೆಯುವ ಹೆಂಗಸರು. ಮೇಡಂ ಇಲ್ಲಿಯ ಕಥೆ ಹೇಳಿ ಎಂದರು. ಎರಡು ವರ್ಷದಿಂದ ಕಾರ್ಬನ್ ಹಾಳೆಯ ಮೇಲೆ ಬರೆದದ್ದೆಲ್ಲ ಗುರುಲಿಂಗಯ್ಯನವರಿಗೆ ಬಾಯಿಪಾಠವಿತ್ತು, ಆದರೆ ಅದರಲ್ಲಿ ಒಂದಕ್ಷರವೂ ನಾಲಿಗೆಗೆ ಬರಲಿಲ್ಲ. ಮಾವ ತಮ್ಮನ್ನು ಹೆಗಲ ಮೇಲೆ ಕೂಡಿಸಿಕೊಂಡು ಇದೇ ಜಾಗದಲ್ಲಿ ನಿಂತು, ಅಗೋ ಅಲ್ಲಿಂದ ಆನೆ ಬರುತ್ತಿದ್ದವು, ಇಲ್ಲಿ ನಿಂತವನು ಎಣಿಸುತ್ತಿದ್ದ ಎಂದು ಹೇಳಿದ್ದನ್ನು ಹೇಳಿದರು. ಎಣಿಸುವವನಿಗೆ ನಿದ್ದೆ ಬಂದರೆ ಏನು ಮಾಡುತ್ತಿದ್ದರು ಎಂದು ತಾವು ಕೇಳಿದ್ದು, ಮಾವ ಬಿದ್ದು ಬಿದ್ದು ನಕ್ಕಿದ್ದು, ಆ ನಗುವಿಗೆ ತಾವು ಕೂತ ಹೆಗಲು ಅಲುಗಾಡಿ ಹೆದರಿದ್ದು. ಮೇಡಂ ಕ್ಯಾಮೆರಾ ಕೆಳಗಿಟ್ಟು ಕೇಳಿದರು. ಸಾಹೇಬರು ಗಡಿಯಾರ ನೋಡುವುದನ್ನು ಬಿಟ್ಟರು.

ಇಳಿದು ಬಂದ ಮೇಲೆ ಸಾಹೇಬರು ಚೀಲ ತೆಗೆದರು, ಕಾಗದ ಹೊರಗೆ ಬಂತು. ಸಾಹೇಬರು ಕಾಗದವನ್ನು ಒಮ್ಮೆ ನೋಡಿ ನಾಲ್ಕು ಮಡಿಕೆ ಮಾಡಿ ಮತ್ತೆ ಚೀಲಕ್ಕೇ ಹಾಕಿದರು.

"ಹರಿಯಂಗಿಲ್ಲ, ಇಟ್ಟಿರತೀನಿ. ರಸ್ತಾದ ಕಲ್ಲು, ಗಿರಣಿ ಹತ್ತರದ ಕಲ್ಲು ಕಿತ್ತು ನಿಂದ್ರಸ್ರಿ. ಬರೋ ಗುರುವಾರ ಮತ್ತ ಬರ್ತೀನಿ. ನಿಂತಿದ್ರ ಕೋಣಿ ಇರತದ."

"ಈ ಮನೆ ಮುಂದಿನದು?" ಎಂದು ಮೇಡಂ ಕೇಳಿದರು.

"ನಾ ಎರಡೇ ಕಲ್ಲು ಹೇಳೀನಿ" ಎಂದು ಸಾಹೇಬರು ಬಾಗಿಲಲ್ಲಿ ಕೂತು ಚಪ್ಪಲಿ ಮೆಟ್ಟಿದರು. ಮೇಡಂ ತಾವಿನ್ನೂ ಹತ್ತು ದಿನ ಗುಲ್ಬರ್ಗಾದಲ್ಲೇ ಇರುವುದಾಗಿ, ಗುರುವಾರ ತಂಗಿಯನ್ನೂ ಕರೆತರುವುದಾಗಿ ಅನಸುಬಾಯಿಗೆ ಹೇಳಿದರು.

"ಎಷ್ಟ ಮಂದಿ ಆಗತೀರಿ, ಹೇಳೇ ಹೋಗ್ರಿ" ಎಂದಳು ಅನಸುಬಾಯಿ. "ನೀವಿಬ್ಬರು, ತಂಗಿ, ಜೀಪಿನವ. ಗುರುಲಿಂಗಾ, ನೀ ಬುಧವಾರ ಸಂಜಿಗೇ ಬಾ. ಅಷ್ಟರಾಗ ರಾಮಲಿಂಗ ಎರಡೂ ಕಲ್ಲು ಕಿತ್ತಿಟ್ಟಿರತಾನ. ಇಲ್ಲೇ ಮಲ್ಕೋ, ಹೊತ್ತು ಹೊಂಡೋ ಮುಂಚೆ ರಾಮಲಿಂಗಗ ಎಬ್ಬಿಸಿ ನಿಂದ್ರಸೋಣು."

ಬುಧವಾರದ ಸಂಜೆಯ ಬಸ್ಸು ಐದೂವರೆಗೆ. ಕೋಣೆಗೆ ಬೀಗ ಹಾಕಿದ ಮೇಲೂ ಅದು ಸಿಗುತ್ತದೆ. ಗುರುಲಿಂಗಯ್ಯನವರು ಬರುತ್ತೇನೆ ಎಂದರು.