ಕಸ ಹೊಡೆಯದ ಮೂರು ದಿನ

ರಾಮದುರ್ಗದ ನಮ್ಮ ಮನೆಯಲ್ಲಿ ದೊಡ್ಡವ್ವ ತೀರಿಕೊಂಡಾಗ ಅವ್ವ ಪಡಸಾಲೆಯ ಕಸ ಹೊಡೆಯಲಿಲ್ಲ. ಹೆಣ ಹೊಸ್ತಿಲು ದಾಟಿದ ಕೂಡಲೇ ಗುಡಿಸಿ ಸಾರಿಸುವುದು ಎಲ್ಲರ ಮನೆಯ ಪದ್ಧತಿ. ಊರಿಗೆ ಹೊರಟವರ ಹಿಂದೆ ಮಾತ್ರ ಕಸಬರಿಗೆ ಹಿಡಿಯಬಾರದು, ಹಿಡಿದರೆ ಅವರು ತಿರುಗಿ ಬರುವುದಿಲ್ಲ ಎನ್ನುತ್ತಾರೆ. ಪಕ್ಕದ ಮನೆಯಾಕೆ, "ಕಸಾ ಹೊಡೀರಿ ಅಕ್ಕಾರ, ಹಂಗ ಬಿಡಬಾರದು" ಎಂದಳು. ಅವ್ವ, "ನಮ್ಮಕ್ಕ ಊರಿಗೆ ಹೋಗ್ಯಾಳ" ಎಂದಳು. ನನಗೆ ಸಿಟ್ಟು ಬಂತು. ಹೂವಿನ ಎಸಳು, ಜನರ ಕಾಲಧೂಳು ಎಲ್ಲ ಹಾಗೇ ಬಿದ್ದಿದ್ದವು.

ದೊಡ್ಡವ್ವ ಎಂದರೆ ಅವ್ವನ ಅಕ್ಕ, ಹೂಲಿಯಿಂದ ಬಂದು ನಮ್ಮಲ್ಲೇ ಇದ್ದವಳು. ಬೀಸುಕಲ್ಲಿನ ಪದ ಹಾಡುತ್ತಿದ್ದಳು. ನಾನು ಇಲ್ಲಿನ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಫಂಕ್ಷನಲ್ ಎಂಬ ಬಗೆಯ ಒಂದು ಪ್ರೋಗ್ರಾಮಿಂಗ್ ಭಾಷೆಯ ಹುಚ್ಚು ಹಿಡಿದು, ದೊಡ್ಡವ್ವನ ಮತ್ತು ಹೂಲಿ, ಮುರಗೋಡದ ಮುದುಕಿಯರ ಹಾಡುಗಳನ್ನು ರೆಕಾರ್ಡ್ ಮಾಡಿ ಜೋಪಾನ ಮಾಡುವ ಪ್ರೋಗ್ರಾಂ ಅದರಲ್ಲಿ ಬರೆದಿದ್ದೆ. ದಿನಾ ಮಧ್ಯಾಹ್ನ ಅದು ತಾನೇ ಒಂದು ಹಾಡು ಆರಿಸಿ ಮನೆಯ ಸ್ಪೀಕರಿನಲ್ಲಿ ಹಚ್ಚುತ್ತಿತ್ತು.

ಡಿಸ್ಕಿನಿಂದ ಮೆಮೊರಿಗೆ ತಂದ ಹಾಡುಗಳನ್ನು ಹಾಡಿದವರ ಪಟ್ಟಿ ಗಟ್ಟಿಯಾಗಿ ಹಿಡಿದಿರುತ್ತಿತ್ತು. ಹಾಡು ಆರಿಸುವ ಕಡೆ ಮಾತ್ರ ವೀಕ್ ಪಾಯಿಂಟರ್ ಇಟ್ಟಿದ್ದೆ. ಪಾಯಿಂಟರ್ ಎಂದರೆ ಹಾಡು ಮೆಮೊರಿಯಲ್ಲಿ ಎಲ್ಲಿದೆ ಎಂದು ತೋರಿಸುವ ಗುರುತು. ಗಟ್ಟಿ ಪಾಯಿಂಟರ್ ಎಂದರೆ ಕೈ ಹಿಡಿದಂತೆ, ವೀಕ್ ಎಂದರೆ ಬರೀ ಕಣ್ಣಿಟ್ಟಂತೆ. ಯಾರೂ ಕೈ ಹಿಡಿಯದ್ದನ್ನು ಕಂಪ್ಯೂಟರಿನ ಮೆಮೊರಿಯಿಂದ ಗುಡಿಸಿ ಒಯ್ಯಲು ಗಾರ್ಬೇಜ್ ಕಲೆಕ್ಟರ್ ಇರುತ್ತದೆ. ಅದು ಹೇಳಿ ಕೇಳಿ ಬರುವುದಿಲ್ಲ. ಜಾಗ ಸಾಲದಾದಾಗ ಬರುತ್ತದೆ.

ಹೊಸ ಹಾಡು ನೆನಪಾದರೆ ಹೇಳಲಿ ಎಂದು ಪ್ರತಿ ಸೋಮವಾರ ಪಟ್ಟಿಯಲ್ಲಿದ್ದವರ ಫೋನಿಗೆ ಪ್ರೋಗ್ರಾಮಿನಿಂದ ತಾನಾಗಿ ಕರೆ ಹೋಗುತ್ತಿತ್ತು. ಗೋಡೆಯ ಮಾಡದಲ್ಲಿದ್ದ ದೊಡ್ಡವ್ವನ ಫೋನು ಸಾವಿನ ಮನೆಯಲ್ಲಿ ರಿಂಗಾಗಬಾರದೆಂದು, ಮಣ್ಣು ಕೊಟ್ಟು ಬಂದ ಸಂಜೆಯೇ ಅವಳ ಹೆಸರು ಅಳಿಸಿದೆ. ಹೆಸರು ಹೋದರೆ ಡಿಸ್ಕಿನಲ್ಲಿದ್ದ ಹಾಡಿನ ಫೈಲೂ ಹೋಗಬೇಕೆಂದು ಹಿಂದೆ ನಾನೇ ಬರೆದಿದ್ದೆ, ಅಚ್ಚುಕಟ್ಟಿನ ಚಟಕ್ಕೆ. ಅದನ್ನು ಮರೆತಿದ್ದೆ. ಬೇರೆ ಪ್ರತಿ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಸ್ಪೀಕರಿನಲ್ಲಿ ದೊಡ್ಡವ್ವ ಗಂಟಲು ಸರಿ ಮಾಡಿಕೊಂಡಳು. ಆಮೇಲೆ ಹಾಡತೊಡಗಿದಳು. ಪಟ್ಟಿ ನೋಡಿದೆ, ಹೆಸರಿಲ್ಲ. ಡಿಸ್ಕ್ ನೋಡಿದೆ, ಫೈಲಿಲ್ಲ. ಧ್ವನಿ ಮಾತ್ರ ಪಡಸಾಲೆಯ ತುಂಬ ಇತ್ತು. ಸುಳ್ಳೇಕೆ ಹೇಳಲಿ, ಹೆದರಿದೆ.

ಅಡುಗೆಮನೆಯಿಂದ ಬಂದ ಅವ್ವ ಹೆದರಲಿಲ್ಲ. "ಅಕ್ಕ ಬಂದ್ಲು" ಎಂದು, ದೊಡ್ಡವ್ವ ಮಲಗುತ್ತಿದ್ದ ಜಾಗ ಬಿಟ್ಟು ಪಕ್ಕದಲ್ಲಿ ಕುಳಿತಳು.

ಆಗ ನನಗೆ ಹೊಳೆಯಿತು. ಅಳಿಸಿ ಮೂರನೆಯ ದಿನವಾದರೂ ಕಲೆಕ್ಟರ್ ಇನ್ನೂ ಆ ಕಡೆ ಬಂದಿಲ್ಲ. ಮತ್ತೆಲ್ಲೂ ಇಲ್ಲದ ದೊಡ್ಡವ್ವ ಮೆಮೊರಿಯಲ್ಲಿ ಮಾತ್ರ ಉಳಿದಿದ್ದಾಳೆ, ಹಾಡು ಆರಿಸುವ ಕಡೆಯ ಕಣ್ಣಿಗೆ ಇನ್ನೂ ಕಾಣುತ್ತಿದ್ದಾಳೆ. ಈಗಲೇ ಡಿಸ್ಕಿಗೆ ಬರೆದುಕೊಳ್ಳಬೇಕು. ಆ ಧ್ವನಿ ಕೇಳುತ್ತ ತಲೆ ಓಡಲಿಲ್ಲ; ಹಾಡು ನಿಲ್ಲಿಸಲು ಕೈ ಹಾಕಿದೆ.

"ಬ್ಯಾಡ, ಹಾಡ್ಲಿ ಬಿಡ" ಎಂದಳು ಅವ್ವ.

"ಒಂದ ನಿಮಿಷ ತಡಿ ಅವ್ವಾ, ಉಳಿಸಾಕ ಹತ್ತೇನಿ."

"ಹಾಡೂ ತನಕಾ ಇರತಾಳ. ನಿಲ್ಲಸಬ್ಯಾಡ."

ನಿಲ್ಲಿಸಿದೆ. ಹಾಡು ಉಳಿಸಿಕೊಳ್ಳುವ ಕೋಡಿನ ಸಾಲು ಬರೆದು ಎಂಟರ್ ಒತ್ತಿದೆ. ಏನೂ ಇಲ್ಲ ಎಂಬ ಉತ್ತರ ಬಂತು. ಮತ್ತೆ ಒತ್ತಿದೆ. ಏನೂ ಇಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಾಡು ನಡೆಯುವಷ್ಟು ಹೊತ್ತು, ನುಡಿಸುವ ಭಾಗವೇ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಕಲೆಕ್ಟರ್ ಅದನ್ನು ಮುಟ್ಟುವ ಹಾಗಿರಲಿಲ್ಲ. ಆ ಕೈ ಬಿಡಿಸಿದ್ದು ನಾನು. ಹೊಸ ಸಾಲಿಗೆ ಜಾಗ ಕೇಳಿ ಕಲೆಕ್ಟರನ್ನು ಕರೆದದ್ದೂ ನಾನೇ. ಇದನ್ನೇ ವರ್ಷ ವರ್ಷ ಬೋರ್ಡಿನ ಮೇಲೆ ಬರೆದು ಹುಡುಗರಿಗೆ ಕಲಿಸುತ್ತೇನೆ. ಕಂಪ್ಯೂಟರ್ ಮುಟ್ಟದ ಅವ್ವ ಸರಿಯಾಗಿ ಹೇಳಿದ್ದಳು.

"ಮತ್ತ ಹಾಡತಾಳೇನು?"

"ಇಲ್ಲವ್ವಾ."

ಅವ್ವ ಎದ್ದಳು. ಕಸಬರಿಗೆ ತಂದಳು. ಒಳಗಿನಿಂದ ಗುಡಿಸುತ್ತ ಬಂದು ನನ್ನ ಕುರ್ಚಿಯ ಹತ್ತಿರ ನಿಂತಳು.

"ಕಾಲ ಎತ್ತ" ಎಂದಳು.

ಎತ್ತಿದೆ.